ಮೂರು ಇಂಚು ಎತ್ತರಿಸಿದ ಸೀಟು

ಸಭೆಯ ಅಧ್ಯಕ್ಷರೇ, ಈ ಸಂಸ್ಥೆಯನ್ನು ಕಟ್ಟಿ ನಿಲ್ಲಿಸಿದ ಡಾಕ್ಟರಮ್ಮನವರೇ, ವೇದಿಕೆಯ ಮೇಲಿರುವ ಹಿರಿಯರೇ, ಡಯಾಲಿಸಿಸ್ ಮುಗಿಸಿ ದಣಿದು ಬಂದರೂ ನನ್ನ ಮಾತು ಕೇಳಲು ಕೂತಿರುವವರೇ, ಬೇಗ ಎದ್ದು ಹೋಗೋಣವೆಂದು ಬಾಗಿಲ ಪಕ್ಕದ ಕುರ್ಚಿಯನ್ನೇ ಹಿಡಿದಿರುವ ಜಾಣ ಸಭಿಕರೇ, ಎಲ್ಲರಿಗೂ ನನ್ನ ವಂದನೆಗಳು.

ನಿರೂಪಕರು ಈಗಷ್ಟೇ ನನ್ನನ್ನು ಮಹಾದಾನಿ ಅಂದರು. ಆಗ ಎರಡನೆಯ ಸಾಲಿನಲ್ಲಿ ನನ್ನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದದ್ದು ನನಗೆ ಕಾಣಿಸಿತು. ಅವಳು ನಕ್ಕದ್ದೇ ಸರಿ. ಹೊತ್ತ ಹೊರೆಯನ್ನು ಇಳಿಸಿದವನಿಗೆ ದಾನಿ ಅನ್ನುತ್ತಾರೆಯೇ? ಮೊನ್ನೆ ನನ್ನ ಕಾರಿನ ಕೀಲಿಕೈಯನ್ನು ಡಾಕ್ಟರಮ್ಮನವರ ಕೈಗಿಟ್ಟು ಮನೆಗೆ ನಡೆದುಕೊಂಡೇ ಹೋದೆ. ಹೆಗಲು ಎಷ್ಟು ಹಗುರವಾಗಿತ್ತೆಂದರೆ, ದಾರಿಯಲ್ಲಿ ಏನಾದರೂ ಮರೆತು ಬಂದೆನೋ ಎಂದು ಎರಡು ಸಲ ಜೇಬು ಮುಟ್ಟಿ ನೋಡಿಕೊಂಡೆ.

ನಾನು ಓದಿದವನಲ್ಲ. ಕಾರುಗಳ ಸೀಟು ಹೊಲಿಯುವವನು. ಸೂಜಿ ಹಿಡಿಯುವುದನ್ನು ಕಲಿಸಿದವನು ನನ್ನ ಅಣ್ಣ. ಹೊಲಿಗೆ ಓರೆಯಾದರೆ ಅವನು ಬೈಯುತ್ತಿರಲಿಲ್ಲ. ಸುಮ್ಮನೆ ಬಿಚ್ಚಿ, ಆ ದಾರವನ್ನು ನನ್ನ ಅಂಗೈಯಲ್ಲಿ ಇಡುತ್ತಿದ್ದ. "ಜೇಬಲ್ಲಿಟ್ಕೋ. ಸಂಜೆ ಅಮ್ಮಂಗೆ ತೋರ್ಸು" ಅನ್ನುತ್ತಿದ್ದ. ಎಷ್ಟೋ ಸಂಜೆ ಜೇಬಿನ ತುಂಬ ದಾರ ತುಂಬಿಕೊಂಡು ಮನೆಗೆ ಹೋಗಿದ್ದೇನೆ. ಅಮ್ಮ ಅದನ್ನೆಲ್ಲ ಗುಂಡಿ ಹೊಲಿಯಲು ಎತ್ತಿಡುತ್ತಿದ್ದಳು.

ನಲವತ್ತು ವರ್ಷ ಊರವರ ಕಾರಿಗೆ ಹೊಲಿದ ಮೇಲೆ, ನನಗೂ ಒಂದು ದೊಡ್ಡ ಕಾರು ಬೇಕು ಅನ್ನಿಸಿತು. ಆಸೆಗೆ ವಯಸ್ಸಾಗುತ್ತದೆಯೇ? ಯಾರೋ ಶ್ರೀಮಂತರು ಐದು ವರ್ಷ ಓಡಿಸಿ ಬಿಟ್ಟಿದ್ದ ಕಾರು. ಉದ್ದ ಎಷ್ಟೆಂದರೆ ಅದನ್ನು ನಿಲ್ಲಿಸಲು ಮನೆ ಮುಂದಿನ ಮೆಟ್ಟಿಲನ್ನೇ ಒಡೆಸಬೇಕಾಯಿತು. ಅಂದಿನಿಂದ ನನ್ನ ಹೆಂಡತಿ ಒಂದು ಮರದ ಪೆಟ್ಟಿಗೆಯ ಮೇಲೆ ಕಾಲಿಟ್ಟು ಮನೆಯೊಳಗೆ ಹೋಗುತ್ತಿದ್ದಾಳೆ. "ರೀ, ಇದು ನಮ್ಮ ಕಾರೋ, ಇದರ ಮನೇಲಿ ನಾವು ಬಾಡಿಗೆಗಿದ್ದೀವೋ?" ಎಂದು ಕೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಳಗೆ ಅಸಲಿ ಚರ್ಮದ ಸೀಟು, ಬೆಣ್ಣೆಯ ಬಣ್ಣದ್ದು. ಅಂಥ ಚರ್ಮವನ್ನು ಯಾರಾದರೂ ಕೂತು ಹಾಳುಮಾಡುತ್ತಾರೆಯೇ? ಅದರ ಮೇಲೆ ನಾನೇ ಬಿಗಿಯಾಗಿ ರೆಕ್ಸಿನ್ ಕವರು ಹೊಲಿದೆ. ಆ ಕವರು ಮಾಸಬಾರದೆಂದು ಅದಕ್ಕೊಂದು ಬಟ್ಟೆಯ ಕವರು. ಅದರ ಮೇಲೆ ಒಂದು ಟವೆಲ್ಲು. ಬೇರೆಯವರಾಗಿದ್ದರೆ ಒಂದಕ್ಕೇ ನಿಲ್ಲಿಸುತ್ತಿದ್ದರು. ಕಸುಬು ಕೈಯಲ್ಲಿತ್ತಲ್ಲ, ನನ್ನನ್ನು ತಡೆಯುವವರು ಯಾರು?

ಈಗ ಹೇಳುವುದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಆದರೂ ಬಾಯಿಗೆ ಬಂದಿದೆ, ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ ಅಣ್ಣನ ಕಾಲಿಗೆ ಆಪರೇಷನ್ ಆಗಿತ್ತು. ಅವನನ್ನು ಆಸ್ಪತ್ರೆಯಿಂದ ಮನೆಗೆ ಕರೆತರಲು ಇದೇ ಕಾರಿನಲ್ಲಿ ಹೋದೆ. ಬಾಗಿಲು ತೆಗೆದೆ. ಬ್ಯಾಂಡೇಜು ಒದ್ದೆಯಾಗಿತ್ತು, ಸ್ವಲ್ಪ ಸೋರುತ್ತಿತ್ತು. ನಾನು ಸೀಟು ನೋಡಿದೆ, ಅವನ ಕಾಲು ನೋಡಿದೆ. "ಅಣ್ಣ, ಒಂದು ನಿಮಿಷ ನಿಲ್ಲು. ಪ್ಲಾಸ್ಟಿಕ್ ತರ್ತೀನಿ" ಅಂದೆ. ಪ್ಲಾಸ್ಟಿಕ್ ಹುಡುಕಿಕೊಂಡು ವಾಪಸು ಬಂದಾಗ ಅಲ್ಲಿ ಅಣ್ಣ ಇರಲಿಲ್ಲ. ಒಂಟಿ ಕಾಲಲ್ಲಿ ಗೇಟಿನ ತನಕ ಹೋಗಿ ಬಾಡಿಗೆ ಗಾಡಿ ಹತ್ತಿದ್ದ.

ಅವತ್ತಿನಿಂದ ಅವನು ನನ್ನ ಹತ್ತಿರ ಮಾತು ಬಿಟ್ಟ. ಆಮೇಲೆ ಅವನ ಕಿಡ್ನಿಯೂ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ಇಲ್ಲಿಗೆ ಬರತೊಡಗಿದ. ಒಂದು ದಿನ ಬಸ್ಸು ನಿಲ್ದಾಣದಲ್ಲಿ, ಕೈಚೀಲ ಹಿಡಿದು ಕಂಬಕ್ಕೆ ಒರಗಿದ್ದವನ ಮುಂದೆ ಕಾರು ನಿಲ್ಲಿಸಿದೆ. "ಬಾರೋ ಅಣ್ಣ" ಅಂದೆ. ಅವನು ಬಸ್ಸಿನ ಬೋರ್ಡನ್ನೇ ನೋಡುತ್ತಾ ನಿಂತ. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು. ಹೊರಟೆ. ಹಿಂದಿನ ಸೀಟು ಖಾಲಿ, ಮೇಲೊಂದು ಟವೆಲ್ಲು.

ಮಾರನೆಯ ದಿನವೇ ಡಾಕ್ಟರಮ್ಮನವರ ಮುಂದೆ ಕೂತು, ರೋಗಿಗಳನ್ನು ಕರೆತರಲು ನನ್ನ ಕಾರು ಇಟ್ಟುಕೊಳ್ಳಿ ಅಂದೆ. ಅವರು ಕಾರು ನೋಡಿ, "ಕಾರು ಚೆನ್ನಾಗಿದೆ. ಆದರೆ ಸೀಟು ತಗ್ಗು. ನಮ್ಮವರು ಕೂತರೆ ಏಳೋಕಾಗಲ್ಲ, ಯಜಮಾನ್ರೇ" ಅಂದರು. ದಾನ ಕೊಡಲು ಹೋಗಿಯೂ ನಪಾಸಾದೆ. "ಒಂದು ವಾರ ಕೊಡಿ, ಎತ್ತರಿಸಿ ತರ್ತೀನಿ" ಅಂದೆ.

ಟವೆಲ್ಲು ತೆಗೆದೆ. ಬಟ್ಟೆ ತೆಗೆದೆ. ರೆಕ್ಸಿನ್ ಬಿಚ್ಚಿದೆ. ಬೆಣ್ಣೆ ಬಣ್ಣದ ಚರ್ಮ ಕಪ್ಪಾಗಿ ಬೂಷ್ಟು ಹಿಡಿದಿತ್ತು, ಬೆರಳಿಟ್ಟಲ್ಲಿ ಹಪ್ಪಳದ ಹಾಗೆ ಮುರಿಯಿತು. ಕಾರು ತೊಳೆದಾಗ ಇಳಿದ ನೀರು ಹೊರಗೆ ಬರಲು ದಾರಿಯಿಲ್ಲದೆ ಒಳಗೇ ಕೂತಿತ್ತು. ಅಷ್ಟು ಬಿಗಿಯಾಗಿ ಹೊಲಿದಿದ್ದೆ ನೋಡಿ. ಈ ಚರ್ಮಕ್ಕಾಗಿ ನಾನು ಅಣ್ಣನನ್ನು ನಿಲ್ಲಿಸಿದ್ದೆ. ಒಡಹುಟ್ಟಿದವನು ಕೂತಿದ್ದರೆ ಒಂದು ಕಲೆಯಾಗುತ್ತಿತ್ತು, ಅಷ್ಟೇ. ನನ್ನ ಹೆಂಡತಿ ಬಂದು ಇಣುಕಿದಳು. ಚಾ ತಂದಿಟ್ಟು ಹೋದಳು. ಕೇಳದೆಯೇ ಅವಳು ಚಾ ತಂದರೆ ಪರಿಸ್ಥಿತಿ ಕೆಟ್ಟಿದೆ ಎಂದೇ ಅರ್ಥ.

ಅದನ್ನೆಲ್ಲ ಕಿತ್ತು ಹಾಕಿದೆ. ಗಟ್ಟಿ ಸ್ಪಂಜು ಇಟ್ಟು ಮೂರು ಇಂಚು ಎತ್ತರಿಸಿದೆ. ಒದ್ದೆಯಾದರೆ ಒರೆಸಿಬಿಡುವಂಥ ಬಟ್ಟೆ ಹಾಕಿದೆ. ಅದರ ಮೇಲೆ ಇನ್ನು ಯಾವ ಕವರೂ ಇಲ್ಲ.

ಇವತ್ತು ಬೆಳಿಗ್ಗೆ ಸಂಸ್ಥೆಯ ಡ್ರೈವರ್ ಅಣ್ಣನ ಮನೆಗೆ ಹೋದರು. ನಾನು ಈ ಕಟ್ಟಡದ ಕಂಬದ ಮರೆಯಲ್ಲಿ ಕಾಯುತ್ತಾ ನಿಂತಿದ್ದೆ. ಕಾರು ಖಾಲಿ ಬಂದರೆ ಏನು ಮಾಡುವುದು? ಕಾರು ಬಂತು, ಬಾಗಿಲು ತೆರೆಯಿತು. ಅಣ್ಣ ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತ. "ನಿಮ್ಮ ತಮ್ಮನ ಕಾರಲ್ವಾ?" ಎಂದು ಡ್ರೈವರ್ ಕೇಳಿದ್ದಕ್ಕೆ, "ಅವನದಾಗಿದ್ರೆ ಹತ್ತುತ್ತಿದ್ನಾ? ಇದು ಡಾಕ್ಟರಮ್ಮಂದು" ಅಂದ.

ಆಮೇಲೆ ಕಂಬದ ಕಡೆ ತಿರುಗಿದ. "ಹೊಟ್ಟೆ ಕಾಣ್ತಿದೆ, ಈಚೆ ಬಾ" ಅಂದ. ಹೋದೆ. ನನ್ನ ಕೈ ಹಿಡಿದು ಬಿಡಿಸಿ, ಅಂಗೈಯಲ್ಲಿ ಏನೋ ಇಟ್ಟ. "ಎತ್ತರ ಸರಿಯಾಗಿದೆ. ಎಡಗಡೆ ಮೂಲೇಲಿ ಹೊಲಿಗೆ ಓರೆ" ಅಂದ.

ಅದು ಇಗೋ, ಈ ದಾರ. ಗೇಣುದ್ದ ಇದೆ. ತೋರಿಸೋಣವೆಂದರೆ ಅಮ್ಮ ಈಗ ಇಲ್ಲ. ಅದಕ್ಕೇ ನಿಮಗೆಲ್ಲ ತೋರಿಸುತ್ತಿದ್ದೇನೆ.

ಕಾರನ್ನು ಸ್ವೀಕರಿಸಿದ ಸಂಸ್ಥೆಗೆ, ಮೆಟ್ಟಿಲಿಲ್ಲದೆ ಇಷ್ಟು ವರ್ಷ ತಾಳಿಕೊಂಡ ನನ್ನ ಹೆಂಡತಿಗೆ, ಕೇಳಿದ ನಿಮಗೆ ನಾನು ಋಣಿ. ನಾಳೆ ಗಾರೆಯವರು ಬರುತ್ತಾರೆ, ಮೆಟ್ಟಿಲು ಕಟ್ಟಲು. ಅಣ್ಣನ ಡಯಾಲಿಸಿಸ್ ಮುಗಿಯಲು ಇನ್ನು ಅರ್ಧ ಗಂಟೆ ಇದೆ. ಅವನು ಕೆಳಗೆ ಬರುವುದರೊಳಗೆ ಆ ಮೂಲೆಯನ್ನು ಹೊಲಿದು ಮುಗಿಸಬೇಕು, ಸೂಜಿ ತಂದಿದ್ದೇನೆ. ಅಪ್ಪಣೆ ಕೊಡಿ. ನಮಸ್ಕಾರ.