ಅಳಿಲಿಗೆ ಹೋದ ಹಲ್ಲು

ಶ್ರೀಲಂಕಾದ ಕ್ಯಾಂಡಿಯ ದಂತ ಆಸ್ಪತ್ರೆಯ ಬೆಂಚಿನ ಮೇಲೆ ವಿಮಲಸೇನ ದವಡೆಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ. ಎಲೆಯಡಿಕೆ ತಂದ ಕ್ಯಾನ್ಸರು ಮೂಳೆಯ ಒಂದು ತುಂಡನ್ನೇ ಒಯ್ದಿತ್ತು. ಮಾತಾಡುವಂತಿರಲಿಲ್ಲ, ಕೇಳಿಸಿಕೊಳ್ಳಲು ಅಡ್ಡಿಯಿರಲಿಲ್ಲ. ಪಕ್ಕದಲ್ಲೇ ಸಂಶೋಧನೆಯ ಡಾಕ್ಟರಮ್ಮ ಖಾಲಿ ಸೀಸೆ ಹಿಡಿದು, ಮೊಮ್ಮಗಳೊಡನೆ ಬಂದ ಅಜ್ಜಿಯನ್ನು ವಿಚಾರಿಸುತ್ತಿದ್ದರು.

"ಆಚ್ಚಿ, ಬಿದ್ದ ಹಾಲುಹಲ್ಲು ಇದ್ರಲ್ಲಿ ಹಾಕ್ಕೊಂಡು ಬನ್ನಿ ಅಂದಿದ್ನಲ್ಲ?"

"ಹೆಂಚಿನ ಮೇಲೆ ಎಸೆದ್ಬಿಟ್ಟೆ, ಮಿಸ್. ಅಳಿಲಿಗೆ ಕೊಡದಿದ್ರೆ ಹೊಸ ಹಲ್ಲು ಬರುತ್ತಾ?"

"ಅಯ್ಯೋ! ಅದರ ಜೀವಕೋಶದಿಂದ ದವಡೆ ಮೂಳೆ ಬೆಳೆಸೋಕಾಗುತ್ತಾ ಅಂತ ನೋಡ್ತಿದ್ದೀವಿ."

"ಯಾರಿಗೆ?"

ಡಾಕ್ಟರಮ್ಮ ಉತ್ತರಿಸುವ ಮೊದಲೇ ಅಜ್ಜಿಯ ಕಣ್ಣು ವಿಮಲಸೇನನ ಪಟ್ಟಿಯ ಮೇಲೆ ನಿಂತಿತು.

"ಇನ್ನೊಂದು ಅಲ್ಲಾಡ್ತಿದೆ. ಸೆನುಲಿ, ಬಾಯಿ ತೆಗಿ, ಮಿಸ್ ನೋಡ್ಲಿ."

ಮಗು ಬಾಯಿ ಬಿಗಿಹಿಡಿಯಿತು. "ಮತ್ತೆ ಅಳಿಲಿಗೆ?"

"ನಂಗೆ ಒಳಗಿನ ತಿರುಳು ಸಾಕು, ಪುಟ್ಟಿ. ಉಳಿದಿದ್ದನ್ನ ಇಲ್ಲೇ ಆಸ್ಪತ್ರೆ ಹೆಂಚಿನ ಮೇಲೆ ನಾನೇ ಎಸೀತೀನಿ."

"ಸುಮ್ನೆ ಎಸೆದ್ರೆ ಆಗಲ್ಲ. ಒಳ್ಳೇದು ಕೊಡು ಅಂತ ಕೇಳ್ಬೇಕು."

"ಆಯ್ತು, ಕೇಳ್ತೀನಿ."

ಮೂವರೂ ಒಳಗೆ ಹೊರಟರು. ಬಾಗಿಲಲ್ಲಿ ಮಗು ತಿರುಗಿ ನೋಡಿತು.

"ಈ ಮಾಮನಿಗೂ ಒಂದು ಕೇಳಿ, ಮಿಸ್."

ಹೊಲಿಗೆ ಎಳೆಯುತ್ತದೆಂದು ಗೊತ್ತಿದ್ದೂ ವಿಮಲಸೇನ ನಕ್ಕುಬಿಟ್ಟ.