ಮುಂದೆ ಜಾಗ ಇರಲಿಲ್ಲ

ನಾನು ಮೊದಲ ಸಲ ಮನೆ ಬಿಟ್ಟದ್ದು ಒಂದು ಬುಧವಾರ. ಪುಸ್ತಕದ ಚೀಲವನ್ನು ಸ್ಕೂಲಿನ ಕಾಂಪೌಂಡಿನ ಮೇಲಿಟ್ಟು, ಎದುರಿಗೆ ನಿಂತಿದ್ದ ಲಾರಿ ಹತ್ತಿದೆ. ಅಂದಿನಿಂದ ಕಾಲಿಗೆ ಚಕ್ರ ಕಟ್ಟಿಕೊಂಡವನು ಅಂತಲೇ ಹೆಸರಾಯಿತು. ಕ್ಲೀನರ್ ಆದೆ, ಡ್ರೈವರ್ ಆದೆ, ಎಲ್ಲೂ ಬೇರು ಬಿಡಲಿಲ್ಲ. ಎಲ್ಲೂ ಸಲ್ಲದಾದಾಗ ಅಕ್ಕನ ಮನೆ. ಬಾಗಿಲಲ್ಲಿ ನನ್ನನ್ನು ಕಂಡರೆ ಅಕ್ಕ, "ಬಂತು ನೋಡಿ ಸವಾರಿ, ಈ ಸಲ ಎಷ್ಟು ದಿನಾನೋ" ಅನ್ನುತ್ತಲೇ ತಟ್ಟೆ ಇಡುತ್ತಿದ್ದಳು.

ಈಗ ಹೇಳುವುದು ಅಲ್ಲಿ ನನ್ನ ಭಾವನಿಗೆ ಆದದ್ದು. ಯಾರೋ ಹೇಳಿದ ಕತೆಯಲ್ಲ. ನಾನು ಅಲ್ಲೇ ಇದ್ದೆ.

ಭಾವ ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿಹೋಗಿತ್ತು. ಮನೆಯಲ್ಲಿ ಕೂತು ಕೂತು ಸಾಕಾಗಿ, ಗುಜರಿಯವನಿಂದ ಒಂದು ಹಳೇ ಕಾರು ತಂದ. ರಿಪೇರಿ ಮಾಡಿ ಬಾಡಿಗೆಗೆ ಓಡಿಸುವ ಯೋಚನೆ. ಡಾಕ್ಟರಮ್ಮ ಒಬ್ಬರು ದಿನಾ ಆಸ್ಪತ್ರೆಗೆ ಹೋಗಿಬರಲು ಕಾರು ಹುಡುಕುತ್ತಿದ್ದರು. "ಭಾನುವಾರ ಬಂದು ನೋಡ್ತೀನಿ. ಒಳಗೆ ಚೊಕ್ಕಟವಾಗಿದ್ರೆ ನಿಮ್ಮದೇ ಕಾಯಂ" ಅಂದಿದ್ದರು. ಅಕ್ಕನ ಮನೆಯ ಒಲೆ ಉರಿಯುವುದು ಆ ಒಂದು ಮಾತಿನ ಮೇಲೆ ನಿಂತಿತ್ತು.

ಮನೆಗೆ ಅಂಟಿದ ಶೆಡ್ಡಿನಲ್ಲಿ ನಾನೂ ಭಾವನೂ ಕೂತೆವು. ಇಂಜಿನ್ನಿನ ಭಾಗಗಳನ್ನು ಬಿಚ್ಚಿ ಅಕ್ಕನ ದೊಡ್ಡ ಪಾತ್ರೆಯಲ್ಲೇ ಸೀಮೆಎಣ್ಣೆ ಸುರಿದು ನೆನೆಹಾಕಿದೆವು. "ಇನ್ನು ಇದರಲ್ಲೇ ನಿಮಗೆ ಸಾರು" ಅಂದಳು ಅಕ್ಕ. ಇಂಜಿನ್ ಮತ್ತೆ ಜೋಡಿಸಿ ಚಾಲೂ ಮಾಡಿ, ಒಳಗಿನ ಕೊಳೆಗೆ ಕೈಹಾಕಿದೆವು. ನೆಲಹಾಸಿನ ಆಯಿಲ್ ಮರದ ಹೊಟ್ಟಿಗೆ ಬಿಟ್ಟಿತು. ಸೀಟಿನ ಜಿಡ್ಡು ಸಾಬೂನಿಗೆ ಬಿಟ್ಟಿತು. ಒಂದೇ ಒಂದು ಬಿಡಲಿಲ್ಲ... ಹಿಂದಿನ ಸೀಟಿನ ನೇರಕ್ಕೆ, ಕಾರಿನ ಚಾವಣಿಯ ಬಟ್ಟೆಗೆ ಹತ್ತಿದ್ದ ಕಪ್ಪು ಗುರುತುಗಳು. ದುಂಡಗೆ, ಒಂದರ ಪಕ್ಕ ಒಂದು.

"ಭಾವ, ಇದು ಹಿಮ್ಮಡಿ ಇದ್ದ ಹಾಗಿದೆ."

"ಚಾವಣಿ ಮೇಲೆ ಯಾರೋ ನಡೀತಾರೆ? ಹಲ್ಲಿ ಬೂಟು ಹಾಕ್ಕೊಂಡಿತ್ತಾ? ಸುಮ್ನೆ ಉಜ್ಜು."

ಉಜ್ಜಿದೆ. ಸೀಮೆಎಣ್ಣೆ ಆಯಿತು, ನಿಂಬೆರಸ ಆಯಿತು, ಹಲ್ಲುಜ್ಜುವ ಪೇಸ್ಟೂ ಆಯಿತು. ಸಂಜೆಗೆ ಮಾಸುತ್ತಿತ್ತು. ಬೆಳಗ್ಗೆ ನೋಡಿದರೆ ಮತ್ತೆ ಹಸಿಹಸಿ ಕಪ್ಪು.

ಶನಿವಾರ ರಾತ್ರಿ ಭಾವ ಕೊನೆಯ ಉಪಾಯ ತೆಗೆದ. ಕುದಿನೀರಿಗೆ ಸೋಡಾಪುಡಿ ಹಾಕಿ, ಬೋಗುಣಿಯನ್ನು ಕಾರಿನೊಳಗಿಟ್ಟು, ಗಾಜೆಲ್ಲ ಮುಚ್ಚಿಯೇ ಇಡುವುದು. ಹಬೆಗೆ ಜಿಡ್ಡು ಮೆತ್ತಗಾಗುತ್ತದೆ. ಆಗ ಒಳಗೇ ಕೂತು ಬ್ರಷ್ಷಿನಲ್ಲಿ ತಿಕ್ಕುವುದು. ಅಡಚಣೆ ಒಂದೇ. ಬಾಗಿಲಿನ ಹಿಡಿಗಳನ್ನು ಒಳಗಿನದು ಹೊರಗಿನದು, ಗಾಜು ಇಳಿಸುವ ಹಿಡಿಯನ್ನೂ ಸೇರಿಸಿ ಎಲ್ಲ ಬಿಚ್ಚಿ, ಗ್ರೀಸು ಹಚ್ಚಲು ಬೆಂಚಿನ ಮೇಲಿಟ್ಟಿದ್ದೆವು. ಬಾಗಿಲು ಒಮ್ಮೆ ಕಚ್ಚಿಕೊಂಡರೆ ಒಳಗಿನಿಂದ ಸ್ಕ್ರೂಡ್ರೈವರಿನಿಂದ ಮೀಟಿದರೆ ಮಾತ್ರ ಬಿಡುತ್ತದೆ. ಅದಕ್ಕೇ ಭಾವನದೊಂದು ಪದ್ಧತಿ ಇತ್ತು. ಒಳಗೆ ಹೋಗುವವನು ಬಾಗಿಲಿನ ಕೊಂಡಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಯೇ ಹೋಗಬೇಕು. ಅದು ಇರುವ ತನಕ ಬಾಗಿಲು ಕಚ್ಚುವುದಿಲ್ಲ. ಸಂದಿಗೆ ಚಿಂದಿ ತುರುಕಿದರೆ ಹಬೆಯೂ ಹೋಗುವುದಿಲ್ಲ.

ಹಾಗೇ ಸಿಕ್ಕಿಸಿ ಒಳಗೆ ಹೋದ. ನಾನೇ ಕಣ್ಣಾರೆ ನೋಡಿದೆ.

ಸೋಡಾಪುಡಿ ಸಾಲದಾಯಿತು. "ಓಡು, ಅಂಗಡಿ ಮುಚ್ಚೋದ್ರೊಳಗೆ ತಗೊಂಡ್ಬಾ" ಅಂದ. ಅಂಗಡಿ ಮುಚ್ಚಿಯೇ ಇತ್ತು. ಮಲಗಿದ್ದ ಅಂಗಡಿಯವನನ್ನು ಎಬ್ಬಿಸಿ, ಅವನ ಕೈಲಿ ಬೈಸಿಕೊಂಡು ವಾಪಸು ಹೊರಟೆ. ದಾರಿಯಲ್ಲಿ ಒಂದು ಹಾಳುಬಾವಿ. ಅದರ ಹತ್ತಿರ ಬರುವಾಗ ಕೇಳಿಸಿತು.

ದಪ್... ದಪ್... ದಪ್.

ಬಾವಿಯೊಳಗಿಂದ ಅಂದುಕೊಂಡೆ. ನಿಂತು ಕಿವಿಗೊಟ್ಟೆ. ಬಾವಿಯಿಂದಲ್ಲ... ಶೆಡ್ಡಿನ ಕಡೆಯಿಂದ. ಓಡಿದೆ.

ಶೆಡ್ಡಿನ ಬಲ್ಬು ಆರಿತ್ತು. ಬೀದಿದೀಪದ ಬೆಳಕು ಬಾಗಿಲ ತನಕ ಮಾತ್ರ. ಕಾರಿನ ಗಾಜೆಲ್ಲ ಹಬೆಗೆ ಬೆಳ್ಳಗೆ. ನಾಲ್ಕೂ ಬಾಗಿಲು ಕಚ್ಚಿಕೊಂಡಿದ್ದವು. ಸ್ಕ್ರೂಡ್ರೈವರ್ ಹೊರಗೆ ನೆಲದ ಮೇಲೆ ಬಿದ್ದಿತ್ತು.

"ಭಾವ..."

"ಯಾಕೋ ಬಾಗಿಲು ಹಾಕ್ದೆ?" ದನಿ ದಾರದಷ್ಟು ತೆಳ್ಳಗಿತ್ತು.

"ನಾನಲ್ಲ. ಈಗಷ್ಟೇ ಬಂದೆ."

ಒಳಗೆ ಬಾಗಿಲು ತಡಕಾಡಿದ ಸದ್ದು. ಆಮೇಲೆ, "ಸ್ಕ್ರೂಡ್ರೈವರ್ ಕೊಡು. ಬೇಗ. ಉಸಿರು ಕಟ್ತಿದೆ."

ಆ ಕಾರಿನ ಮುಂದಿನ ಬಾಗಿಲಿಗೆ ಗಾಳಿಗೆಂದು ಒಂದು ಮೂರು ಮೂಲೆಯ ಪುಟ್ಟ ಗಾಜು ಇತ್ತು. ಉಗುರು ಹಾಕಿ ಎಳೆದರೆ ಒಂದಿಷ್ಟು ತೆರೆಯುತ್ತದೆ. ಎಳೆದೆ. ಹಬೆ ಮುಖಕ್ಕೆ ಬಡಿಯಿತು. ಸ್ಕ್ರೂಡ್ರೈವರನ್ನು ಹಿಡಿ ಮುಂದು ಮಾಡಿ ಒಳಗೆ ತೂರಿಸಿದೆ. ಬೆರಳುಗಳು ಬಂದು ತೆಗೆದುಕೊಂಡವು. ಕಿತ್ತುಕೊಳ್ಳಲಿಲ್ಲ... ನಿಧಾನಕ್ಕೆ, ಕಸುಬು ಗೊತ್ತಿದ್ದವರ ಹಾಗೆ. ನನ್ನ ಬೆರಳಿಗೆ ತಾಕಿದವು. ಅಷ್ಟು ಹಬೆಯೊಳಗೂ ಒಣಗಿದ್ದವು.

"ಸಿಕ್ತಾ ಭಾವ?"

"ಏನು ಸಿಕ್ತಾ? ಮೊದ್ಲು ಕೊಡೋ."

"ಕೊಟ್ಟೆನಲ್ಲ. ಮುಂದಿನ ಸಂದೀಲಿ."

ಅಷ್ಟರಲ್ಲಿ ಒಳಗೆ ಒಂದು ಸಣ್ಣ ಸದ್ದು. ಕಬ್ಬಿಣದ ತುದಿ ಗಾಜಿಗೆ ಕುಟ್ಟುವ ಸದ್ದು. ಟಿಕ್... ಟಿಕ್... ಟಿಕ್. ಡ್ರೈವರ್ ಸೀಟಿನಿಂದ.

ಭಾವ ಪಿಸುಗುಟ್ಟಿದ. "ತಮ್ಮಾ... ನಾನು ಹಿಂದೆ ಇದ್ದೀನಿ."

ಆಮೇಲೆ ನಾನು ಯೋಚನೆ ಮಾಡಲಿಲ್ಲ. ಜಾಕಿನ ಸರಳು ಕೈಗೆ ಸಿಕ್ಕಿತು. ಹಿಂದಿನ ದೊಡ್ಡ ಗಾಜಿಗೆ ಬೀಸಿದೆ. ಝಲ್ಲೆಂದು ಉದುರಿತು. ಭಾವನ ಕಂಕುಳಿಗೆ ಕೈಹಾಕಿ ಎಳೆದೆ. ಗಾಜು ಗೀರಿದ್ದು ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅಕ್ಕ ದೀಪ ಹಿಡಿದು ಬರುವಾಗ ಇಬ್ಬರೂ ಅಂಗಳದಲ್ಲಿ ಬಿದ್ದಿದ್ದೆವು.

ನೀರು ಕುಡಿದ ಮೇಲೆ ಭಾವ ಮಾತಾಡಿದ. "ಅಂಗಾತ ಮಲಗಿ ಗಾಜಿಗೆ ಒದೀತಿದ್ದೆ ಕಣೋ. ಒಡೀಲಿಲ್ಲ. ಕಾಲು ಜಾರಿ ಚಾವಣಿಗೆ ಬೀಳ್ತಿತ್ತು... ಹಿಮ್ಮಡಿ ಹೋಗಿ ಹೋಗಿ ಆ ಹಳೇ ಗುರುತಿನ ಮೇಲೇ ಕೂರ್ತಿತ್ತು. ಅಳತೆ ತೆಗೆದ ಹಾಗೆ."

"ಮುಂದಕ್ಕೆ ದಾಟಿ ಆ ಪುಟ್ಟ ಗಾಜು ತೆಗೀಬಾರದಿತ್ತಾ?"

ಭಾವ ಲೋಟದೊಳಗೇ ನೋಡುತ್ತಿದ್ದ.

"ದಾಟೋಕೆ ಹೋದೆ. ಮುಂದೆ ಜಾಗ ಇರಲಿಲ್ಲ."

ಬೆಳಗಾಯಿತು. ಡಾಕ್ಟರಮ್ಮ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ನಾನು ಅಷ್ಟರಲ್ಲಿ ಹಿಡಿಗಳನ್ನು ಜೋಡಿಸಿ, ನೆನೆದಿದ್ದ ಹಿಂದಿನ ಸೀಟನ್ನು ಬಿಚ್ಚಿ ಬಿಸಿಲಿಗೆ ಹಾಕಿದ್ದೆ. ಅವರು ಬಗ್ಗಿ ಒಳಗೆ ನೋಡಿದರು. ನಾನೂ ನೋಡಿದೆ. ಚಾವಣಿಯ ಬಟ್ಟೆ ತೊಳೆದ ಹಾಲಿನ ಲೋಟದ ಹಾಗಿತ್ತು. ಒಂದು ಚುಕ್ಕಿ ಇಲ್ಲ.

"ಚೆನ್ನಾಗಿ ಇಟ್ಕೊಂಡಿದ್ದೀರಿ. ಆ ಗಾಜೊಂದು ಹಾಕಿಸಿ, ನಾಳೆಯಿಂದ ಬನ್ನಿ."

ಅವರು ಅತ್ತ ಹೋದರು. ಭಾವ ಜಗುಲಿಯ ಕಂಬ ಬಿಟ್ಟು ಏಳಲಿಲ್ಲ. "ಬೇಕಾದ್ರೆ ಮಣ್ಣು ಹೊರ್ತೀನಿ, ಅದರೊಳಗೆ ಕಾಲಿಡಲ್ಲ" ಅಂದ. ಅಕ್ಕ ಒಳಗೆ ಕರೆದು ನನ್ನ ಕೈ ಹಿಡಿದಳು.

"ನಿಂಗೆ ಡ್ರೈವಿಂಗ್ ಬರುತ್ತೆ. ನೀನೇ ಓಡಿಸು. ಒಂದು ವರ್ಷ... ಅಷ್ಟರಲ್ಲಿ ಇವರು ಸರಿಹೋಗ್ತಾರೆ."

ಒಂದು ವರ್ಷ. ಒಂದು ತಿಂಗಳು ಒಂದೇ ಕಡೆ ಮಲಗಿದವನಲ್ಲ ನಾನು. ಆದರೆ ಅವಳ ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಎಷ್ಟು ಸಲ ತಟ್ಟೆ ಇಟ್ಟ ಕೈ ಅದು. "ಆಯ್ತು, ಒಂದು ಸುತ್ತು ಓಡಿಸಿ ನೋಡ್ತೀನಿ" ಅಂದೆ. ಅವಳ ಮುಖ ಅರಳಿತು. ನನಗೆ ಮಾತ್ರ ಬಾಗಿಲು ಕಚ್ಚಿಕೊಂಡ ಹಾಗಾಯಿತು.

ಶೆಡ್ಡಿಗೆ ಹೋದವನು ಸ್ವಲ್ಪ ಹೊತ್ತಿಗೇ ವಾಪಸು ಬಂದು, ಅಂಗಿಗಳನ್ನು ಚೀಲಕ್ಕೆ ತುರುಕತೊಡಗಿದೆ. ಅಕ್ಕ ಬಾಗಿಲಲ್ಲಿ ನಿಂತಳು.

"ಸುತ್ತು ಹೋಗ್ತೀನಿ ಅಂದೋನು..."

"ಅದನ್ನ ಗುಜರಿಯವನಿಗೇ ವಾಪಸು ಕೊಟ್ಬಿಡು ಅಕ್ಕ. ಇವತ್ತೇ."

ಯಾಕೆ ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಂಬದಿದ್ದರೆ ಬಿಡಿ, ನಿದ್ದೆಗಣ್ಣಲ್ಲಿದ್ದೆ ಅಂತಲೂ ಅನ್ನಿ. ಅದು ಹಾಡಹಗಲು. ಬಿಸಿಲು ಶೆಡ್ಡಿನೊಳಗೆ ಬಂದಿತ್ತು, ಹಿಂದೆ ಸೀಟೇ ಇರಲಿಲ್ಲ, ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಬಾರಿಸುತ್ತಿದ್ದರು. ನಾನು ಡ್ರೈವರ್ ಸೀಟಿನಲ್ಲಿ ಕೂತೆ. ಹಳೇ ಸ್ಪ್ರಿಂಗು, ನನ್ನ ಭಾರಕ್ಕೆ ಕಿರ್ ಅಂತ ಕಾರು ಒಂದು ಸಲ ತಗ್ಗಿತು. ಬಾಗಿಲು ಎಳೆದುಕೊಂಡೆ. ಕೀಲಿಗೆ ಕೈ ಹಾಕಿದೆ.

ಆಮೇಲೆ ಹಿಂದುಗಡೆ, ಕಿರ್ ಅಂತ, ಇನ್ನೊಂದು ಸಲ ತಗ್ಗಿತು.