ಟಾಕೀಸು ಖಾಲಿ ಇರಬೇಕು

ಮಸ್ಕಿ ಬಸ್‌ನಿಲ್ದಾಣದಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಸಿಂಧನೂರಿನ ಬಸ್ಸಿಗೆ ಕಾದು ಕುಂತಿದ್ದರು. ಹೆಂಡತಿಗೆ ಕಣ್ಣು ಕಾಣುವುದಿಲ್ಲ.

“ಹಿಟ್ಟಾದ ಸಿನಿಮಾಕ್ಕ ಹೋಗೂಣ್ರಿ.”

“ಬ್ಯಾಡ ಪೀರಮ್ಮ. ಯುಗಾದಿಗೆ ಹೋಗಿದ್ವಲ್ಲ, ನಾ ನಿನಗ ಕತಿ ಹೇಳಾಕತ್ತಿದ್ರ ಮುಂದಿನ ಸೀಟಿನವ ಬಾಯಿ ಮುಚ್ಚು ಅಂದ.”

“ನೀವೂ ಮುಚ್ಚಿದ್ರಿ. ಕಡೀಕ ಎಲ್ಲಾರೂ ಯಾಕ ಅತ್ರು, ನನಗ ತಿಳೀಲೇ ಇಲ್ಲ.”

“ಈಗ ನೋಡಾಕ ಹೊಂಟಿದ್ದು ತೋಪಾಗೈತಿ, ಟಾಕೀಸು ಖಾಲಿ. ಹೀರೋಯಿನ್ ಸೀರಿ ಬಣ್ಣಾನೂ ಒದರಿ ಹೇಳ್ತೀನಿ.”

“ಆವಾಗಿಂದ ಬರೇ ತೋಪಾದವನ್ನೇ ನೋಡಾಕತ್ತೀವಲ್ಲ!”

“ಅರ್ಧ ವರ್ಷದಾಗ ಎಷ್ಟೊಂದು ತೋಪಾಗ್ಯಾವ, ನಮ್ಮ ಪುಣ್ಯ. ಇದನ್ನೂ ನಾಳೆ ತೆಗೀತಾರ, ನಡಿ.”

ಬಸ್ಸು ಬಂತು. ಆಕೆ ಅವನ ಹೆಗಲು ಹಿಡಿದು ಎದ್ದಳು.

“ಮಾಡಿದವ್ರೂ ಕಷ್ಟಪಟ್ಟಿರ್ತಾರ, ಪಾಪ. ಮುಗದ ಮ್ಯಾಲ ನಾವರೆ ಚಪ್ಪಾಳಿ ಹೊಡಿಯೂಣ್ರಿ.”